ಯಕೃತ್ ಕಸಿ: ಎಎಲ್‌ಟಿ ಏರಿದರೆ ಹೆಪಟೈಟಿಸ್ ‘ಇ’ ಕೂಡ ನೋಡಿ

ಮಾನ್ಯರೇ,

ಜುಲೈ 28ರ ವಿಶ್ವ ಹೆಪಟೈಟಿಸ್ ದಿನ ಬಂತೆಂದರೆ ಪತ್ರಿಕೆಗಳಲ್ಲಿ ಬಿ ಮತ್ತು ಸಿ ವೈರಸ್‌ಗಳದ್ದೇ ಮಾತು. ‘ಇ’ಗೆ ಸಿಗುವುದು ಒಂದೇ ಸಾಲು: ಕೊಳಕು ನೀರಿನಿಂದ ಬರುತ್ತದೆ, ಗರ್ಭಿಣಿಯರಿಗೆ ಅಪಾಯ, ಉಳಿದವರಿಗೆ ತಾನಾಗಿ ವಾಸಿಯಾಗುತ್ತದೆ. ಯಕೃತ್ ಕಸಿ ಮಾಡಿಸಿಕೊಂಡವರ ಮಟ್ಟಿಗೆ ಈ ಸಾಲು ಸಾಲದು.

ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಇವರು ಟ್ಯಾಕ್ರೋಲಿಮಸ್‌ನಂಥ ಮಾತ್ರೆ ನುಂಗುತ್ತಲೇ ಇರಬೇಕು. ಅದು ರೋಗನಿರೋಧಕ ಶಕ್ತಿಯನ್ನು ಅದುಮಿಡುವುದರಿಂದ ವೈರಸ್ ಒಳಗೇ ಬೀಡುಬಿಡಬಹುದು. 2008ರಲ್ಲಿ ಫ್ರಾನ್ಸಿನ ಟುಲೂಸ್‌ನ ವೈದ್ಯರು ಇದನ್ನು ವರದಿ ಮಾಡಿದರು. ಯುರೋಪಿನಲ್ಲಿ ಹಂದಿಮಾಂಸದಿಂದ ಬರುವ 3ನೇ ಜೀನೋಟೈಪ್ (ವೈರಸ್ಸಿನ ತಳಿಬಗೆ) ತಗುಲಿದರೆ ಅಂಗಕಸಿಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸೋಂಕು ಬಿಡುವುದಿಲ್ಲ. ಕೆಲವರಿಗೆ ಎರಡು-ಮೂರು ವರ್ಷಗಳಲ್ಲೇ ಸಿರೋಸಿಸ್, ಅಂದರೆ ಯಕೃತ್ತು ಗಾಯಗಟ್ಟಿ ಗಡುಸಾಗುವುದು. ನಮ್ಮಲ್ಲಿ ಹೆಚ್ಚಾಗಿರುವ, ನೀರಿನಿಂದ ಬರುವ 1ನೇ ಬಗೆ ಹೀಗೆ ಬೇರೂರುವುದು ಅಪರೂಪ. ಆದರೆ ಇಲ್ಲಿನ ಹಂದಿಗಳಲ್ಲಿ 4ನೇ ಬಗೆ ಪತ್ತೆಯಾಗಿದೆ. ಕಸಿಯಾದ ಮೇಲೆ ಮಕ್ಕಳ ಮನೆಗೆಂದು ಜರ್ಮನಿ, ಇಂಗ್ಲೆಂಡಿಗೆ ಹೋಗಿಬರುವವರೂ ಇದ್ದಾರೆ.

ಎಡವಟ್ಟಾಗುವುದು ಪತ್ತೆಯಲ್ಲಿ. ಸಾಮಾನ್ಯವಾಗಿ ಕಣ್ಣು ಹಳದಿಯಾಗುವುದಿಲ್ಲ, ಕಾಮಾಲೆಯ ಸುಳಿವೇ ಇಲ್ಲ. ಸ್ವಲ್ಪ ಸುಸ್ತು, ರಕ್ತಪರೀಕ್ಷೆಯಲ್ಲಿ ಎಎಲ್‌ಟಿ (ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ) ಏರಿಕೆ, ಅಷ್ಟೇ. ಮೊದಲ ಗುಮಾನಿ ತಿರಸ್ಕಾರದ ಮೇಲೆ ಬೀಳುತ್ತದೆ. ಯಕೃತ್ತಿನ ಚೂರು ತೆಗೆದು ನೋಡುವ ಬಯಾಪ್ಸಿಯೂ ಕೆಲವೊಮ್ಮೆ ಹಾಗೆಯೇ ತೋರುತ್ತದೆ. ಸ್ಟೀರಾಯ್ಡ್ ಕೊಟ್ಟು ಟ್ಯಾಕ್ರೋಲಿಮಸ್ ಹೆಚ್ಚಿಸಿದರೆ ವೈರಸ್ಸಿಗೆ ಮೇವು ಹಾಕಿದಂತೆ. ಪ್ರತಿಕಾಯ ಪರೀಕ್ಷೆ ‘ನೆಗೆಟಿವ್’ ಬಂತೆಂದು ಸುಮ್ಮನಾಗುವಂತಿಲ್ಲ. ಅದುಮಿಟ್ಟ ದೇಹ ಪ್ರತಿಕಾಯ ತಯಾರಿಸದೇ ಇರಬಹುದು. ಬೇಕಾದದ್ದು ವೈರಸ್ಸಿನ ಆರ್‌ಎನ್‌ಎಯನ್ನೇ (ಅದರ ಆನುವಂಶಿಕ ವಸ್ತು) ಹುಡುಕುವ ಪಿಸಿಆರ್ ಪರೀಕ್ಷೆ. ಮೂರು ತಿಂಗಳಾದರೂ ಆರ್‌ಎನ್‌ಎ ಕಾಣುತ್ತಿದ್ದರೆ ಸೋಂಕು ದೀರ್ಘಕಾಲಿಕ ಎಂದೇ ಲೆಕ್ಕ. (2018ರಲ್ಲಿ ಹಾಂಗ್‌ಕಾಂಗ್‌ನ ಯಕೃತ್ ಕಸಿ ರೋಗಿಯೊಬ್ಬರಲ್ಲಿ ಸಿಕ್ಕಿದ್ದು ಇಲಿಗಳ ಹೆಪಟೈಟಿಸ್ ಇ, ಮಾಮೂಲಿ ಪಿಸಿಆರ್ ಅದನ್ನು ಹಿಡಿದಿರಲಿಲ್ಲ.)

ಪತ್ತೆಯಾದರೆ ದಾರಿ ಇದೆ. ಮೊದಲು ಟ್ಯಾಕ್ರೋಲಿಮಸ್ ಇಳಿಸುತ್ತಾರೆ; ಸುಮಾರು ಮೂರನೇ ಒಂದು ಪಾಲು ಜನರಿಗೆ ಅಷ್ಟರಲ್ಲೇ ವೈರಸ್ ತೊಲಗುತ್ತದೆ. ಇಳಿಸುವುದು ವೈದ್ಯರ ಕೆಲಸ, ರೋಗಿ ತಾನೇ ಮಾತ್ರೆ ಬಿಟ್ಟರೆ ಅಂಗವೇ ಹೋದೀತು. ಬಗ್ಗದಿದ್ದರೆ ಮೂರು ತಿಂಗಳು ರಿಬಾವಿರಿನ್ ಎಂಬ ವೈರಸ್ ನಿರೋಧಕ ಔಷಧ. 2014ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನದಲ್ಲಿ 59 ಮಂದಿಯ ಪೈಕಿ 46 ಮಂದಿಗೆ ಇದರಿಂದ ಸೋಂಕು ಹೋಯಿತು. ಹಿಮೋಗ್ಲೋಬಿನ್ ಕುಸಿಯುವುದೇ ಇದರ ದೊಡ್ಡ ತೊಡಕು. ಮೂತ್ರಪಿಂಡ ದುರ್ಬಲವಿದ್ದರೆ ಡೋಸ್ ಕಡಿಮೆ ಮಾಡಲೇಬೇಕು. ಭ್ರೂಣಕ್ಕೂ ಹಾನಿಕರವಾದ್ದರಿಂದ ಗರ್ಭನಿರೋಧ ಕಡ್ಡಾಯ. ರಕ್ತದಲ್ಲಿ ವೈರಸ್ ಇಲ್ಲವೆಂದು ನಿಲ್ಲಿಸುವ ಮುನ್ನ ಮಲವನ್ನೂ ಪರೀಕ್ಷಿಸಬೇಕು. ಅಲ್ಲಿ ಉಳಿದಿದ್ದರೆ ಮತ್ತೆ ಮರುಕಳಿಸಬಹುದು. ನಡುವೆ ಯಾರೋ ಹೇಳಿದರೆಂದು ಕಾಮಾಲೆಯ ನಾಟಿ ಔಷಧ ಕುಡಿಯುವುದು ಬೇಡ, ಟ್ಯಾಕ್ರೋಲಿಮಸ್ ಮಟ್ಟ ಏರುಪೇರಾದೀತು.

ಮನೆಯಲ್ಲಿ ಕುದಿಸಿ ಆರಿಸಿದ ನೀರೇ ಇರಲಿ. ಪಂದಿ ಕರಿ ಬಿಡಬೇಕಿಲ್ಲ, ಒಳಗೂ ಚೆನ್ನಾಗಿ ಬೆಂದಿರಬೇಕು. ಹಂದಿಯ ಲಿವರ್ ಸೇರಿದ ಪದಾರ್ಥದಲ್ಲಿ ಈ ವೈರಸ್ ಪೂರ್ತಿ ಸಾಯಲು ಒಳಭಾಗದ ಬಿಸಿ 71 ಡಿಗ್ರಿ ಸೆಲ್ಸಿಯಸ್‌ಗೇರಿ 20 ನಿಮಿಷ ನಿಲ್ಲಬೇಕೆಂದು ಪ್ರಯೋಗಗಳು ತೋರಿಸಿವೆ. ವಿದೇಶದ ಹಸಿ ಲಿವರ್ ಸಾಸೇಜ್ ಮುಟ್ಟಲೇಬಾರದು.

ರಕ್ತ ಮರುಪೂರಣದಿಂದಲೂ ಇದು ಬರುತ್ತದೆ. ಬ್ರಿಟನ್ 2017ರಿಂದ ದಾನಿಗಳ ರಕ್ತವನ್ನು ಇದಕ್ಕಾಗಿ ಪರೀಕ್ಷಿಸುತ್ತಿದೆ. ನಮ್ಮ ರಕ್ತನಿಧಿಗಳ ಕಡ್ಡಾಯ ಪಟ್ಟಿಯಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಇವೆ, ‘ಇ’ ಇಲ್ಲ. ಎಲ್ಲರ ರಕ್ತಕ್ಕೂ ಸಾಧ್ಯವಾಗದಿದ್ದರೆ ಕಸಿ ರೋಗಿಗಳಿಗೆ ಕೊಡುವ ರಕ್ತಕ್ಕಾದರೂ ಈ ಪರೀಕ್ಷೆ ಮಾಡಲಿ.

– ಯಕೃತ್ ಕಸಿ ಚಿಕಿತ್ಸಾ ತಂಡದ ವೈದ್ಯರು, ಬೆಂಗಳೂರು