ಎಂ.ಎ. ಮುಗಿಯಿತು: ಮೇಡಂ ಅವರಿಗೂ ನಿಮ್ಮೆಲ್ಲರಿಗೂ

ಅರ್ಥಶಾಸ್ತ್ರ ಎಂ.ಎ. ಫಲಿತಾಂಶ ಬಂದಿದೆ, ಪ್ರಥಮ ದರ್ಜೆ. ಫೋನ್ ಮಾಡಿ, ಸಂದೇಶ ಕಳಿಸಿ ಹರಸಿದ ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರಿಸಲು ಆಗಲಿಲ್ಲ, ಅದಕ್ಕಾಗಿ ಈ ಬರಹ. ನನಗೆ ಕಣ್ಣು ಕಾಣದು, ಆ ಕಥೆ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ತೆಗೆಯುವುದಿಲ್ಲ.

ಅಪ್ಪ, ಅಮ್ಮ, ಪಾಠಗಳನ್ನು ಓದಿ ರೆಕಾರ್ಡ್ ಮಾಡಿಕೊಟ್ಟ ಗೆಳತಿಯರು, ಗ್ರಂಥಾಲಯದ ಅಣ್ಣ, ಪರೀಕ್ಷೆಗೆ ಬಂದು ಬರೆದುಕೊಟ್ಟ ತಮ್ಮ ತಂಗಿಯರು, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಆದರೆ ಇಂದು ಮನಸ್ಸು ತುಂಬಿರುವುದು ನನ್ನ ಮಾರ್ಗದರ್ಶಕ ಅಧ್ಯಾಪಕಿ. ಹೆಸರು ಬರೆಯಕೂಡದೆಂದು ಕಟ್ಟಪ್ಪಣೆ ಮಾಡಿದ್ದಾರೆ, ಹಾಗಾಗಿ ಮೇಡಂ ಎಂದಷ್ಟೇ ಬರೆಯುತ್ತೇನೆ.

ಅರ್ಥಶಾಸ್ತ್ರದಲ್ಲಿ ರೇಖಾಚಿತ್ರ, ಲೆಕ್ಕ ಎಲ್ಲ ಬರುತ್ತವೆ, ಸುಲಭದ ವಿಷಯ ತೆಗೆದುಕೊಳ್ಳಮ್ಮ ಎಂದವರು ಹಲವರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ಮರುಕವಿತ್ತು. ಮೇಡಂ ಮಾತ್ರ, ‘ಬಿ.ಎ.ಯಲ್ಲಿ ಏನು ಓದುವಾಗ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ?’ ಎಂದು ಕೇಳಿದರು. ಕೃಷಿ ಬೆಲೆಗಳು ಎಂದೆ. ‘ಹಾಗಾದರೆ ವಿಷಯ ತೀರ್ಮಾನವಾಯಿತು. ಅದನ್ನು ಓದಲು ಏನೇನು ಬೇಕು ಹೇಳು, ಪಟ್ಟಿ ಮಾಡೋಣ.’

ಪಟ್ಟಿಯಲ್ಲಿ ಮೊದಲು ಬಂದದ್ದು ಕನ್ನಡ ನೋಟ್ಸ್. ಹಳೆಯವೆಲ್ಲ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿದ್ದವು. ಕಣ್ಣಿಗೆ ಅಚ್ಚ ಕನ್ನಡವಾಗಿ ಕಾಣುವ ಆ ಪುಟ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನ ಬಾಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಉದುರುತ್ತದೆ. ಮೇಡಂ ತಮ್ಮ ಪಾಠಗಳನ್ನೆಲ್ಲ ಅದು ಸರಿಯಾಗಿ ಓದಬಲ್ಲ ಯೂನಿಕೋಡ್‌ಗೆ ಬದಲಾಯಿಸಿದರು, ಕೆಟ್ಟ ಒತ್ತಕ್ಷರಗಳನ್ನು ಕೂತು ತಿದ್ದಿದರು. ರೇಖಾಚಿತ್ರಗಳಿಗೆ ರಟ್ಟಿನ ಮೇಲೆ ಉಲ್ಲನ್ ದಾರ ಅಂಟಿಸಿದರು: ಇಳಿದು ಬರುವ ಬೇಡಿಕೆ ರೇಖೆ, ಏರಿ ಹೋಗುವ ಪೂರೈಕೆ ರೇಖೆ, ಎರಡೂ ಸೇರುವಲ್ಲಿ ಹಣೆಗಿಡುವ ಸ್ಟಿಕ್ಕರ್. ಬೆಲೆ ಎಲ್ಲಿ ನಿಲ್ಲುತ್ತದೆ ಎಂಬುದು ನನ್ನ ಬೆರಳಿಗೆ ಸಿಕ್ಕಿತು.

ನಿಯಮಗಳನ್ನೂ ಅವರೇ ಓದಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಕೇಂದ್ರ ಸರ್ಕಾರದ 2018ರ ಪರೀಕ್ಷಾ ಮಾರ್ಗಸೂಚಿ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು ಅದರಲ್ಲೇ ಇದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ‘ದಯವಿಟ್ಟು ಕರುಣಿಸಬೇಕು ಎಂದು ಬರೆಯಬೇಡ. ನಿಯಮ ಯಾವುದೆಂದು ಬರೆ’ ಎನ್ನುತ್ತಿದ್ದರು. ಅಲ್ಲಿಂದ ನನ್ನ ಅರ್ಜಿಗಳ ಭಾಷೆಯೇ ಬದಲಾಯಿತು.

ಇನ್ನು ಸಂಖ್ಯಾಶಾಸ್ತ್ರ ಪರೀಕ್ಷೆಯ ಹಿಂದಿನ ರಾತ್ರಿ. ಬರೆಯಬೇಕಿದ್ದ ಹುಡುಗಿಗೆ ಜ್ವರ ಎಂದು ಸಂಜೆ ಫೋನ್ ಬಂತು. ಆ 2018ರ ಮಾರ್ಗಸೂಚಿಯಂತೆ ನಾವೇ ಕರೆತರುವ ಸ್ಕ್ರೈಬ್‌ನ (ನಾವು ಹೇಳಿದ ಉತ್ತರ ಬರೆದುಕೊಡುವವರ) ವಿದ್ಯಾರ್ಹತೆ ನಮ್ಮದಕ್ಕಿಂತ ಒಂದು ಹಂತ ಕೆಳಗಿರಬೇಕಿತ್ತು, ಹಾಗಾಗಿ ಸಹಪಾಠಿಗಳು ಬರುವಂತಿರಲಿಲ್ಲ. ಮೇಡಂ ಹಾಸ್ಟೆಲ್‌ಗೇ ಬಂದು, ಯಾರು ಯಾರಿಗೋ ಕರೆ ಮಾಡಿ, ರಾತ್ರಿ ಹತ್ತರ ನಂತರ ಇತಿಹಾಸ ಓದುವ ಒಬ್ಬ ಪದವಿ ವಿದ್ಯಾರ್ಥಿನಿಯನ್ನು ಒಪ್ಪಿಸಿ ಕರೆಸಿದರು. ಅವಳಿಗೆ ಸಿಗ್ಮಾ ಚಿಹ್ನೆ ಬರೆಯಲು ಬರುತ್ತಿರಲಿಲ್ಲ. ಆವರಣ ಎಲ್ಲಿ ತೆರೆಯಬೇಕು, ವರ್ಗಮೂಲದ ಗೆರೆ ಎಲ್ಲಿಯವರೆಗೆ ಎಳೆಯಬೇಕು, ನಾನು ಹೇಳಿದ್ದನ್ನು ಹೇಳಿದಂತೆಯೇ ಹೇಗೆ ಬರೆಯಬೇಕು ಎಂದು ಜಗಲಿಯಲ್ಲಿ ಕೂತು ಕಲಿಸಿದರು.

ನಡುವೆ ನಾನು ಅತ್ತೆ. ಓದಿದ್ದೆಲ್ಲ ತಲೆಯಲ್ಲಿದ್ದೂ ಒಬ್ಬರ ಜ್ವರಕ್ಕೆ ನನ್ನ ವರ್ಷವೇ ಹೋಗಬಹುದು ಎಂಬುದು ಸಹಿಸಲು ಆಗಲಿಲ್ಲ. ಜೀವನವಿಡೀ ಇನ್ನೊಬ್ಬರ ಕೈ ಕಾಯುತ್ತ ಕೂರಬೇಕೇ ಎಂದು ಕೂಗಿಬಿಟ್ಟೆ. ಮೇಡಂ ಸಮಾಧಾನದ ಮಾತು ಆಡಲಿಲ್ಲ. ‘ನಿನ್ನ ಸಿಟ್ಟು ಸರಿಯಾಗಿಯೇ ಇದೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ‘ಸಹಸಂಬಂಧದ ಸೂತ್ರ ಹೇಳು, ಇವಳು ಬರೆಯಲಿ’ ಎಂದರು. ಹೇಳಿದೆ. ಅವಳು ಬರೆದಳು. ಬೆಳಗಾಗುವವರೆಗೂ ಅವರು ಮನೆಗೆ ಹೋಗಲಿಲ್ಲ. ಆ ಪತ್ರಿಕೆಯಲ್ಲೇ ನನಗೆ ಅತಿ ಹೆಚ್ಚು ಅಂಕ.

ಈಗ ಅವರ ಕೊಠಡಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ಒಬ್ಬ ಹುಡುಗ ಬರುತ್ತಿದ್ದಾನೆ. ಶೇ. 40ರ ಅಂಗವೈಕಲ್ಯದ ಪ್ರಮಾಣಪತ್ರವಿಲ್ಲದೆ ಸ್ಕ್ರೈಬ್ ಇಲ್ಲ ಎಂದು ಅವನನ್ನು ಕಳಿಸಿಬಿಟ್ಟಿದ್ದರು. ಅಂಥದೇ ತೊಂದರೆಯ ವಿಕಾಸ್ ಕುಮಾರ್ ಪ್ರಕರಣದಲ್ಲಿ ಶೇ. 40 ಇಲ್ಲವೆಂಬ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪನ್ನು ಮೇಡಂ ಅವನ ಅರ್ಜಿಗೆ ಲಗತ್ತಿಸಿದ್ದಾರೆ. ಅರ್ಜಿ ಟೈಪ್ ಮಾಡಿದ್ದು ನಾನು.

ಯೂನಿಕೋಡ್‌ಗೆ ಬದಲಾಯಿಸಿದ ನೋಟ್ಸ್ ಎಲ್ಲ ನನ್ನ ಬಳಿ ಇವೆ. ನಿಮ್ಮ ಮನೆಯಲ್ಲಿ, ಊರಿನಲ್ಲಿ ಕಣ್ಣು ಕಾಣದ ಮಕ್ಕಳು ಅರ್ಥಶಾಸ್ತ್ರ ಓದುತ್ತಿದ್ದರೆ ದಯವಿಟ್ಟು ತಿಳಿಸಿ, ಕಳಿಸಿಕೊಡುತ್ತೇನೆ. ಮೇಡಂ ಒಪ್ಪಿಗೆ ಕೊಟ್ಟಿದ್ದಾರೆ.