‘ನೂರಕ್ಕೆ ನೂರು ಕಾರ್ನೌಬಾ’ ಎಂದು ಮಾರಿದ ವ್ಯಾಕ್ಸ್ ಬಗ್ಗೆ ದೂರು

ಸ್ಥಳ: ಕಲಬುರಗಿ
ಮೇ ತಿಂಗಳು

ಇಂದ:
ಮಾಲೀಕರು,
ಕಾರು ತೊಳೆಯುವ ಮತ್ತು ಪಾಲಿಶ್ ಮಾಡುವ ಕೇಂದ್ರ,
ಸೇಡಂ ರಸ್ತೆ, ಕಲಬುರಗಿ

ಇವರಿಗೆ:
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕಾರಿಗೆ ಹಚ್ಚುವ ನಿಮ್ಮ ಕಾರ್ನೌಬಾ (ಒಂದು ತಾಳೆಯ ಗರಿಯ ಮೇಣ) ಪೇಸ್ಟ್ ವ್ಯಾಕ್ಸ್ ಡಬ್ಬಿಯ ಮೇಲಿನ ಸುಳ್ಳು ವಿವರ ಮತ್ತು ಅದರಿಂದ ಆದ ನಷ್ಟದ ಕುರಿತು.

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ಇಲ್ಲಿನ ಸೂಪರ್ ಮಾರ್ಕೆಟ್ ಪ್ರದೇಶದ ಬಿಡಿಭಾಗಗಳ ಅಂಗಡಿಯಿಂದ ನಿಮ್ಮ ಪೇಸ್ಟ್ ವ್ಯಾಕ್ಸ್‌ನ ಒಂದು ಪೆಟ್ಟಿಗೆ ಕೊಂಡೆ. ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಅಕ್ಷರಗಳಲ್ಲಿ ‘ನೂರಕ್ಕೆ ನೂರು ಬ್ರೆಜಿಲ್ ಕಾರ್ನೌಬಾ’ ಎಂದು ಬರೆದಿದೆ. ಅದರ ಕೆಳಗೆ ‘ಆರು ತಿಂಗಳ ರಕ್ಷಣೆ’, ‘ಉಜ್ಜುವ ಪುಡಿ ಬೆರೆಸಿಲ್ಲ’, ‘ಎಲ್ಲ ಬಣ್ಣಕ್ಕೂ ಸುರಕ್ಷಿತ’ ಎಂಬ ಭರವಸೆಗಳಿವೆ. ಈ ಮಾತುಗಳನ್ನು ಓದಿಯೇ ಬೇರೆ ವ್ಯಾಕ್ಸ್‌ಗಿಂತ ಹೆಚ್ಚು ಬೆಲೆ ತೆತ್ತು ಕೊಂಡಿದ್ದೇನೆ. ಇವುಗಳಲ್ಲಿ ಒಂದೂ ಪರೀಕ್ಷೆಗೆ ನಿಲ್ಲಲಿಲ್ಲ ಎಂಬುದು ನನ್ನ ದೂರು.

ಫೆಬ್ರವರಿ ನನ್ನ ಕಸುಬಿಗೆ ಸುಗ್ಗಿಯ ಕಾಲ. ತೊಗರಿ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತು ಅದು. ಬಿಸಿಲು ಏರುವ ಮೊದಲೇ ಕಾರಿಗೆ ವ್ಯಾಕ್ಸ್ ಮಾಡಿಸಿಕೊಳ್ಳೋಣವೆಂದು ರೈತರೂ ವ್ಯಾಪಾರಿಗಳೂ ಬರುತ್ತಾರೆ. ಅದೇ ತಿಂಗಳು, ಇಲ್ಲಿನ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವ ಒಬ್ಬರು ತಮ್ಮ ಹೊಸ ಕಪ್ಪು ಕಾರನ್ನು ತಂದರು. ನಿಮ್ಮ ಡಬ್ಬಿಯ ಮಾತನ್ನು ನಂಬಿ, ಅದರ ಮೇಲೆ ಬರೆದ ಕ್ರಮವನ್ನೇ ಅನುಸರಿಸಿ, ನೆರಳಿನಲ್ಲಿ, ಬಾನೆಟ್ ಪೂರ್ತಿ ತಣ್ಣಗಿದ್ದಾಗ ಹಚ್ಚಿದೆವು. ಅಂದು ಕಾರು ಹೊಳೆಯಿತು. ಮಾರನೆಯ ವಾರ ಅವರು ಕಾರನ್ನು ಬಿಸಿಲಿಗೆ ನಿಲ್ಲಿಸಿ ನನ್ನನ್ನು ಕರೆದು ತೋರಿಸಿದರು: ಬಾನೆಟ್ ತುಂಬ ನವಿರಾದ ವೃತ್ತಾಕಾರದ ಗೀರುಗಳು. ನಮ್ಮ ಕೈ ಓಡಾಡಿದ ಜಾಡಿನಲ್ಲಿಯೇ ಆ ಗೀರುಗಳಿದ್ದವು. ಹಚ್ಚುವ ಮೊದಲು ಅದೇ ಬಾನೆಟ್ಟಿನ ಫೋಟೋ ತೆಗೆದಿಟ್ಟಿದ್ದೆ. ಅದರಲ್ಲಿ ಒಂದು ಗೀರೂ ಇಲ್ಲ.

ನಿಮ್ಮ ಸಹಾಯವಾಣಿಗೆ ಕರೆ ಮಾಡಿದಾಗ ಸಿಕ್ಕ ಉತ್ತರವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮೊದಲು ‘ಬಿಸಿಲಿನಲ್ಲಿ ಹಚ್ಚಿರುತ್ತೀರಿ’ ಎಂದರು. ನೆರಳಿನಲ್ಲಿ ಹಚ್ಚಿದ್ದಕ್ಕೆ ಫೋಟೋ ಇದೆ ಎಂದಾಗ, ‘ನಿಮ್ಮ ಕಡೆ ಬಿಸಿಲು ಜಾಸ್ತಿ, ಅಲ್ಲಿಗೆ ಈ ವ್ಯಾಕ್ಸ್ ತಾಳುವುದಿಲ್ಲ’ ಎಂದರು. ಈ ಎರಡನೆಯ ಮಾತು ನನಗೆ ಬಹಳ ನೋವು ತಂದಿದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸಂಗತಿಯಲ್ಲ. ನಮ್ಮೂರಿನ ಅಂಗಡಿಗೆ ಸರಕು ಕಳಿಸುವಾಗ ಇಲ್ಲದ ಬಿಸಿಲು, ದೂರು ಕೇಳುವಾಗ ಎಲ್ಲಿಂದ ಬಂತು? ಬಿಸಿಲಿಗೆ ತಾಳುವುದಿಲ್ಲವೆಂದು ಡಬ್ಬಿಯ ಮೇಲೆ ಒಂದು ಸಾಲು ಬರೆದಿದ್ದರೆ ನಾನು ಕೊಳ್ಳುತ್ತಲೇ ಇರಲಿಲ್ಲ.

ಅಷ್ಟೇ ಅಲ್ಲ, ಕಾರ್ನೌಬಾ ಬಿಸಿಲಿಗೆ ತಾಳುವುದಿಲ್ಲ ಎಂಬ ಮಾತೇ ಸರಿಯಲ್ಲ. ಈ ಮೇಣ ಬರುವುದು ಈಶಾನ್ಯ ಬ್ರೆಜಿಲ್‌ನ ಸಿಯಾರಾ, ಪಿಯಾವಿ ರಾಜ್ಯಗಳ ಒಣ ನೆಲದಲ್ಲಿ ಬೆಳೆಯುವ ಒಂದು ತಾಳೆಯ ಗರಿಗಳಿಂದ. ಸುಡುವ ಬಿಸಿಲಿನಲ್ಲಿ ಗರಿಯ ನೀರು ಆರಿಹೋಗದಂತೆ ಮರ ತಾನೇ ಹೊದೆದುಕೊಳ್ಳುವ ಹೊದಿಕೆ ಅದು. ಗರಿ ಕತ್ತರಿಸಿ, ಒಣಗಿಸಿ, ಬಡಿದರೆ ಪುಡಿಯಾಗಿ ಉದುರುತ್ತದೆ. ಅದನ್ನು ಕರಗಿಸಿ ಸೋಸುತ್ತಾರೆ. ಸಸ್ಯಗಳಿಂದ ಸಿಗುವ ಮೇಣಗಳಲ್ಲಿ ಇದು ಅತಿ ಗಟ್ಟಿಯಾದದ್ದು. ಕರಗಬೇಕಾದರೆ 82ರಿಂದ 86 ಡಿಗ್ರಿ ಶಾಖ ಬೇಕು. ಜೇನುಮೇಣ 62ರಿಂದ 64 ಡಿಗ್ರಿಯಲ್ಲೇ ಕರಗುತ್ತದೆ. ಮೇಣದಬತ್ತಿಗೆ ಬಳಸುವ ಪ್ಯಾರಫಿನ್‌ನ ಹಲವು ಬಗೆಗಳು ಅದಕ್ಕೂ ಮೊದಲೇ ಕರಗುತ್ತವೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಕಪ್ಪು ಬಾನೆಟ್ 70 ಡಿಗ್ರಿ ಮುಟ್ಟಬಹುದು. ಆ ಶಾಖದಲ್ಲಿ ಪ್ಯಾರಫಿನ್ ಸೋಲುತ್ತದೆ, ಕಾರ್ನೌಬಾ ಸೋಲಬಾರದು. ಹೀಗಿರುವಾಗ ನಮ್ಮ ಬಿಸಿಲಿಗೆ ಸೋತದ್ದು ಏನು ಎಂಬ ಪ್ರಶ್ನೆಗೆ ನೀವು ಉತ್ತರ ಕೊಡಬೇಕು.

ಬಾಯಿಮಾತಿನ ದೂರಿಗೆ ಬೆಲೆ ಇಲ್ಲವೆಂದು ನಾನೇ ಪರೀಕ್ಷೆ ಮಾಡಿದ್ದೇನೆ. ಗುಜರಿಯಿಂದ ತಂದ ಒಂದು ಕಪ್ಪು ಬಾನೆಟ್ಟನ್ನು ತೊಳೆದು, ಅಂಟಿದ ಕೊಳೆ ಕೀಳುವ ಕ್ಲೇ (ಜೇಡಿಯಂಥ ಉಂಡೆ) ಉಜ್ಜಿ, ಹಳೆಯ ವ್ಯಾಕ್ಸ್ ಉಳಿಯದಂತೆ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಮಾಸ್ಕಿಂಗ್ ಟೇಪ್ ಅಂಟಿಸಿ ಮೂರು ಪಟ್ಟಿ ಮಾಡಿದೆ. ಒಂದಕ್ಕೆ ನಿಮ್ಮ ವ್ಯಾಕ್ಸ್, ಇನ್ನೊಂದಕ್ಕೆ ನಾನು ಹಿಂದಿನಿಂದ ಬಳಸುತ್ತಿದ್ದ ಬೇರೆ ಕಾರ್ನೌಬಾ ವ್ಯಾಕ್ಸ್. ನಡುವಿನದಕ್ಕೆ ಏನೂ ಹಚ್ಚಲಿಲ್ಲ. ಮೂರೂ ಪಟ್ಟಿ ಒಂದೇ ಬಿಸಿಲಿನಲ್ಲಿ, ಸೇಡಂ ರಸ್ತೆಯ ಒಂದೇ ಧೂಳಿನಲ್ಲಿ ಇದ್ದವು. ವಾರಕ್ಕೊಮ್ಮೆ ಒಂದೇ ನೀರು, ಮೇಣವನ್ನು ಕೀಳದ ಒಂದೇ ಸೌಮ್ಯ ಶಾಂಪೂ ಬಳಸಿ ತೊಳೆದೆ. ವ್ಯಾಕ್ಸ್ ಉಳಿದಿದ್ದರೆ ನೀರು ಹನಿಗಟ್ಟಿ ಉರುಳುತ್ತದೆ, ಆದರೆ ಧೂಳು ಕೂತಾಗ ಒಳ್ಳೆಯ ವ್ಯಾಕ್ಸ್ ಮೇಲೂ ಹನಿಗಟ್ಟುವುದಿಲ್ಲ. ಆದ್ದರಿಂದ ತೊಳೆದ ಮೇಲೆಯೇ ನೀರು ಚಿಮುಕಿಸಿ ನೋಡಿದೆ.

ಮೊದಲ ವಾರ ನಿಮ್ಮ ಪಟ್ಟಿಯಲ್ಲಿ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿ ಉರುಳಿತು. ಅದನ್ನು ಮುಚ್ಚಿಡುವುದಿಲ್ಲ. ಮಾರ್ಚ್ ಮುಗಿಯುವ ಹೊತ್ತಿಗೆ ಅಲ್ಲಿ ನೀರು ಚಪ್ಪಟೆಯಾಗಿ ಹರಡಿ ನಿಂತಿತ್ತು. ಏನೂ ಹಚ್ಚದ ನಡುವಿನ ಪಟ್ಟಿಗೂ ಅದಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ಪಕ್ಕದ ಇನ್ನೊಂದು ವ್ಯಾಕ್ಸ್ ಮೇಲೆ ಏಪ್ರಿಲ್‌ನಲ್ಲಿಯೂ ಹನಿ ಉರುಳುತ್ತಿತ್ತು.

ಎಲ್ಲಕ್ಕಿಂತ ಬೇಸರ ತಂದದ್ದು ಧೂಳಿನ ವಿಷಯ. ನಮ್ಮ ಜಿಲ್ಲೆಯಲ್ಲಿ ವಾಡಿ, ಶಹಾಬಾದ್, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಲಾರಿಗಳು ಹಗಲು ರಾತ್ರಿ ಓಡುತ್ತವೆ. ಗಾಡಿಯ ಮೇಲೆ ಬೂದು ಧೂಳು ಕೂರದ ದಿನವಿಲ್ಲ. ಸಿಮೆಂಟ್ ಧೂಳು ಕ್ಷಾರಗುಣದ್ದು. ಇಬ್ಬನಿಯೋ ತುಂತುರು ಮಳೆಯೋ ಬಿದ್ದರೆ ಬಣ್ಣದ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇಲ್ಲಿಯವರು ವ್ಯಾಕ್ಸ್ ಮಾಡಿಸುವುದು ಹೊಳಪಿಗಿಂತ ಹೆಚ್ಚಾಗಿ ಇದಕ್ಕಾಗಿ, ಧೂಳು ಅಂಟದೆ ನೀರಿನೊಂದಿಗೆ ಇಳಿದು ಹೋಗಲಿ ಎಂದು. ನಿಮ್ಮ ವ್ಯಾಕ್ಸ್ ಹಚ್ಚಿದ ಪಟ್ಟಿಯಲ್ಲಿ ಧೂಳು ಉಳಿದೆರಡು ಪಟ್ಟಿಗಳಿಗಿಂತ ದಪ್ಪವಾಗಿ ಕೂತಿತ್ತು. ಮಧ್ಯಾಹ್ನ ಬೆರಳಿನಿಂದ ಎಳೆದರೆ ಗೆರೆ ಮೂಡುತ್ತಿತ್ತು, ಬೆರಳಿಗೆ ಜಿಡ್ಡು ಹತ್ತುತ್ತಿತ್ತು. ಅನುಮಾನ ಬಂದು ಒಂದು ಗಾಜಿನ ತುಂಡಿಗೆ ತೆಳುವಾಗಿ ಹಚ್ಚಿ, ಅದರಲ್ಲಿನ ದ್ರಾವಕ ಪೂರ್ತಿ ಆರುವವರೆಗೆ ನೆರಳಿನಲ್ಲಿಟ್ಟು, ಆಮೇಲೆ ಕಪ್ಪು ತಗಡಿನ ಮೇಲೆ ಬಿಸಿಲಿಗಿಟ್ಟೆ. ಗಾಜಿನ ಮೇಲಿನ ಬಿಳಿ ಪೊರೆ ಮಧ್ಯಾಹ್ನದ ಹೊತ್ತಿಗೆ ಎಣ್ಣೆಯಂತೆ ಪಾರದರ್ಶಕವಾಗಿ ಅಂಚಿಗೆ ಸರಿದಿತ್ತು. ಇನ್ನೊಂದು ವ್ಯಾಕ್ಸ್ ಹಚ್ಚಿದ ಗಾಜಿನಲ್ಲಿ ಪೊರೆ ಹಾಗೆಯೇ ಇತ್ತು. ಎರಡರ ಫೋಟೋಗಳೂ ಈ ಪತ್ರದ ಜೊತೆಗಿವೆ.

ಇನ್ನು ‘ಉಜ್ಜುವ ಪುಡಿ ಬೆರೆಸಿಲ್ಲ’ ಎಂಬ ಮಾತು. ಒಡೆದ ಡ್ಯಾಶ್‌ಬೋರ್ಡಿನಿಂದ ಬಿಚ್ಚಿದ, ಕನ್ನಡಿಯಂತೆ ನುಣುಪಾದ ಕಪ್ಪು ಪ್ಲಾಸ್ಟಿಕ್ ತುಂಡು ನನ್ನಲ್ಲಿತ್ತು. ಹೊಸ ಮೈಕ್ರೋಫೈಬರ್ ಬಟ್ಟೆಯ ಒಂದು ತುದಿಯಿಂದ ನಿಮ್ಮ ವ್ಯಾಕ್ಸ್, ಇನ್ನೊಂದು ತುದಿಯಿಂದ ಬೇರೆ ವ್ಯಾಕ್ಸ್ ತೆಗೆದುಕೊಂಡು ಒಂದೇ ಒತ್ತಡದಲ್ಲಿ ಉಜ್ಜಿದೆ. ನಿಮ್ಮದನ್ನು ಉಜ್ಜಿದ ಕಡೆ ಮಂಜು ಹಿಡಿದಂತೆ ಮಸುಕಾಯಿತು. ಮತ್ತೊಂದು ಕಡೆ ನುಣುಪು ಕೆಡಲಿಲ್ಲ. ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ರಕ್ಷಣಾ ಪದರ) ಇಲ್ಲದ ಹಳೆಯ ಕೆಂಪು ಜೀಪಿನ ಬಾಗಿಲ ಮೇಲೂ ನೋಡಿದೆ. ಮಾಸಿದ ಹಳೆಯ ಬಣ್ಣವನ್ನು ಯಾವ ವ್ಯಾಕ್ಸ್‌ನಿಂದ ಉಜ್ಜಿದರೂ ಬಟ್ಟೆಗೆ ಸ್ವಲ್ಪ ಬಣ್ಣ ಹತ್ತುತ್ತದೆ, ಅದು ನನಗೆ ಗೊತ್ತು. ಬೇರೆ ವ್ಯಾಕ್ಸ್‌ಗೆ ಬಟ್ಟೆ ತಿಳಿಗುಲಾಬಿಯಾಯಿತು. ನಿಮ್ಮದಕ್ಕೆ ಕುಂಕುಮ ಮೆತ್ತಿದಷ್ಟು ಕೆಂಪಾಯಿತು. ಡಬ್ಬಿಯಲ್ಲಿರುವುದು ಬರಿಯ ವ್ಯಾಕ್ಸ್ ಅಲ್ಲ, ಪಾಲಿಶ್ ಪುಡಿ ಸೇರಿದ ಮಿಶ್ರಣ. ಅಂಥ ಮಿಶ್ರಣ ಮಾರುವುದು ತಪ್ಪಲ್ಲ. ಮಾಸಿದ ಗಾಡಿಗೆ ಅದು ಉಪಯೋಗಕ್ಕೆ ಬರುತ್ತದೆ, ನಾನೇ ಕೊಳ್ಳುತ್ತೇನೆ. ಪುಡಿ ಇಲ್ಲವೆಂದು ಬರೆದು ಪುಡಿ ಹಾಕಿ ಮಾರುವುದು ಮೋಸ.

ಇದರ ಪರಿಣಾಮ ಸಣ್ಣದಲ್ಲ. ಕಾರ್ಖಾನೆಯಿಂದ ಬರುವ ಕಾರಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ ಇರುತ್ತದೆ. ವಕೀಲರ ಕಾರಿನ ಗೀರು ತೆಗೆಯಬೇಕಾದರೆ ಮೆಷಿನ್ ಪಾಲಿಶ್ ಹಿಡಿಯಬೇಕು, ಹಿಡಿದಾಗಲೆಲ್ಲ ಆ ಪದರ ಇನ್ನಷ್ಟು ಸವೆಯುತ್ತದೆ. ಸವೆದದ್ದನ್ನು ಯಾವ ವ್ಯಾಕ್ಸೂ ಮತ್ತೆ ತುಂಬಿಕೊಡುವುದಿಲ್ಲ. ಹೊಸ ಕಾರಿಗೆ ಹೀಗಾದಾಗ ಯಜಮಾನನಿಗೆ ಆಗುವ ಸಂಕಟ ನಾನು ಕಣ್ಣಾರೆ ಕಂಡಿದ್ದೇನೆ. ಅವರು ಸಜ್ಜನರು, ಕೂಗಾಡಲಿಲ್ಲ. ಗೀರು ತೆಗೆದುಕೊಟ್ಟ ಖರ್ಚನ್ನು ಅವರಿಂದ ಪಡೆಯಲು ನನಗೆ ಮನಸ್ಸಾಗಲಿಲ್ಲ. ಆ ಖರ್ಚು ನ್ಯಾಯವಾಗಿ ನಿಮ್ಮದು.

‘ನೂರಕ್ಕೆ ನೂರು’ ಎಂಬುದಕ್ಕೆ ನಿಮ್ಮ ಪ್ರತಿನಿಧಿ ಕೊಟ್ಟ ವಿವರಣೆ ಹೀಗಿದೆ: ಡಬ್ಬಿಯಲ್ಲಿ ಹಾಕಿದ ಕಾರ್ನೌಬಾ ಶುದ್ಧವಾದದ್ದು, ಆದರೆ ಡಬ್ಬಿಯಲ್ಲಿ ಇರುವುದೆಲ್ಲ ಕಾರ್ನೌಬಾ ಎಂದು ಅದರ ಅರ್ಥವಲ್ಲ. ಅಪ್ಪಟ ಕಾರ್ನೌಬಾ ಕಲ್ಲಿನಷ್ಟು ಗಟ್ಟಿ, ಅದನ್ನು ಹಾಗೆಯೇ ಕಾರಿಗೆ ಹಚ್ಚಲಾಗದು, ದ್ರಾವಕವನ್ನೂ ಮೆದು ಮೇಣವನ್ನೂ ಬೆರೆಸಲೇಬೇಕು ಎಂಬುದು ನನ್ನಂಥ ಕಸುಬುದಾರನಿಗೆ ತಿಳಿದಿದೆ. ಅಂಗಡಿಗೆ ಬಂದು ಡಬ್ಬಿ ಎತ್ತಿಕೊಳ್ಳುವ ಜೇವರ್ಗಿಯ ರೈತನಿಗೆ, ಆಳಂದದ ಶಿಕ್ಷಕಿಗೆ ಇದು ಹೇಗೆ ತಿಳಿಯಬೇಕು? ಅವರು ಓದುವುದು ಮುಚ್ಚಳದ ಮೇಲಿನ ಅಕ್ಷರಗಳನ್ನು. ಆರು ತಿಂಗಳ ಮಾತೂ ಅಷ್ಟೇ. ಒಳ್ಳೆಯ ಕಾರ್ನೌಬಾ ಪೇಸ್ಟ್ ಬಯಲಿನಲ್ಲಿ ನಿಲ್ಲುವ ಗಾಡಿಯ ಮೇಲೆ ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು ಬಾಳುತ್ತದೆ. ಅದಕ್ಕಿಂತ ಹೆಚ್ಚು ಬಾಳಿಕೆ ಬೇಕಾದವರು ಸಿಂಥೆಟಿಕ್ ಸೀಲೆಂಟ್ (ಕೃತಕ ರಕ್ಷಣಾ ಲೇಪ) ಹಚ್ಚಿಸುತ್ತಾರೆ. ಈ ಮಾತನ್ನು ನಾನು ನನ್ನ ಗ್ರಾಹಕರಿಗೆ ಮೊದಲೇ ಹೇಳುತ್ತೇನೆ. ಹೇಳಿದ ಮೇಲೂ ಅವರು ವ್ಯಾಕ್ಸ್ ಮಾಡಿಸುತ್ತಾರೆ. ನಿಜ ಹೇಳಿದರೆ ವ್ಯಾಪಾರ ಕೆಡುತ್ತದೆ ಎಂಬ ಭಯ ನಿಮಗೆ ಬೇಡ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಡಬ್ಬಿಯ ಲೇಬಲ್ ಕೂಡ ಜಾಹೀರಾತೇ. ಸರಕಿನ ಗುಣದ ಬಗ್ಗೆ ಸುಳ್ಳು ವಿವರ ಕೊಡುವುದು ಆ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತು. ಅದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ‘ನೀವು ವ್ಯಾಪಾರಿ, ಗ್ರಾಹಕರಲ್ಲ’ ಎಂದು ನಿಮ್ಮ ಪ್ರತಿನಿಧಿ ನನಗೆ ಹೇಳಿದ್ದಕ್ಕೂ ಉತ್ತರ ಇಲ್ಲೇ ಇದೆ. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವವನು ತನ್ನ ಜೀವನೋಪಾಯಕ್ಕಾಗಿಯೇ ಕೊಂಡು ಬಳಸಿದ ಸರಕಿನ ವಿಷಯದಲ್ಲಿ ಅವನೂ ಗ್ರಾಹಕನೇ ಎಂದು ಕಾಯ್ದೆಯ ವಿವರಣೆಯಲ್ಲಿ ಸ್ಪಷ್ಟವಾಗಿದೆ. ನಾನು ನಿಮ್ಮ ಡಬ್ಬಿಗಳನ್ನು ಮರುಮಾರಾಟ ಮಾಡಿಲ್ಲ, ನನ್ನ ಕೈಯಿಂದಲೇ ಬಳಸಿದ್ದೇನೆ.

ಆದ್ದರಿಂದ ಬಳಸಿದ ಮತ್ತು ಬಳಸದ ಎಲ್ಲ ಡಬ್ಬಿಗಳ ಬೆಲೆಯನ್ನೂ, ವಕೀಲರ ಕಾರಿನ ಗೀರು ತೆಗೆದ ಖರ್ಚನ್ನೂ ಕೊಡಬೇಕೆಂದು ಕೋರುತ್ತೇನೆ. ಒಡೆಯದ ಡಬ್ಬಿಗಳು ನನ್ನಲ್ಲಿವೆ. ನಿಮ್ಮವರು ಬಂದು ಪಡೆಯಬಹುದು, ಬಯಸಿದರೆ ನನ್ನ ಅಂಗಳದಲ್ಲಿಯೇ ನನ್ನ ಮುಂದೆ ಮತ್ತೊಮ್ಮೆ ಪರೀಕ್ಷಿಸಬಹುದು. ಬಾನೆಟ್ಟನ್ನು ಟೇಪ್ ಕೀಳದೆ ಹಾಗೆಯೇ ಇಟ್ಟಿದ್ದೇನೆ. ಹಣಕ್ಕಿಂತ ಮುಖ್ಯವಾದ ಬೇಡಿಕೆ ಇನ್ನೊಂದಿದೆ: ಡಬ್ಬಿಯಲ್ಲಿ ಕಾರ್ನೌಬಾ ಶೇಕಡಾ ಎಷ್ಟು, ಉಜ್ಜುವ ಪುಡಿ ಇದೆಯೇ ಇಲ್ಲವೇ, ಎಷ್ಟು ಶಾಖದವರೆಗೆ ಪೊರೆ ತಾಳುತ್ತದೆ ಎಂಬುದನ್ನು ಕನ್ನಡದಲ್ಲಿಯೂ ಮುದ್ರಿಸಿ. ಅಲ್ಲಿಯವರೆಗೆ ಈಗಿನ ಲೇಬಲ್ ಇರುವ ಸರಕನ್ನು ಕಲಬುರಗಿ, ಬೀದರ್, ಯಾದಗಿರಿ ಅಂಗಡಿಗಳಿಂದ ಹಿಂಪಡೆಯಿರಿ. ಕಪ್ಪು ಕಾರು ಇಟ್ಟುಕೊಂಡ ಇನ್ನೊಬ್ಬರಿಗೆ ಹೀಗಾಗಬಾರದು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಅರ್ಜಿ ಸಲ್ಲಿಸುತ್ತೇನೆ. ಫೋನಿನಲ್ಲಿ ಉತ್ತರ ಬೇಡ, ದಯವಿಟ್ಟು ಕಾಗದದಲ್ಲಿ ಸಹಿ ಮಾಡಿ ಕಳಿಸಿ.

ಇತಿ,
ತಮ್ಮ ವಿಶ್ವಾಸಿ,
ಕಾರು ತೊಳೆಯುವ ಕೇಂದ್ರದ ಮಾಲೀಕ,
ಸೇಡಂ ರಸ್ತೆ, ಕಲಬುರಗಿ

ಲಗತ್ತು: ಖರೀದಿ ಬಿಲ್ಲಿನ ಪ್ರತಿ, ಡಬ್ಬಿಯ ಲೇಬಲ್‌ನ ಫೋಟೋ, ವಕೀಲರ ಕಾರಿನ ಬಾನೆಟ್ಟಿನ ಮೊದಲಿನ ಮತ್ತು ನಂತರದ ಫೋಟೋಗಳು, ಪರೀಕ್ಷೆಯ ಫೋಟೋಗಳು, ಮೆಷಿನ್ ಪಾಲಿಶ್ ಖರ್ಚಿನ ವಿವರ.