ಜೆ.ಸಿ. ರೋಡಿನ ಮೆಕ್ಯಾನಿಕ್ ಅಣ್ಣನಿಗೆ ಥ್ಯಾಂಕ್ಸ್

ನನ್ನ ಪೋಲೊ ಜಿಟಿ ಕಾರಿಗೆ ಲೋವರಿಂಗ್ ಸ್ಪ್ರಿಂಗ್ (ಗಾಡಿಯ ಎತ್ತರ ತಗ್ಗಿಸುವ ಸ್ಪ್ರಿಂಗ್) ಹಾಕಿಸಿದ ಮೇಲೆ ಗಾಡಿ ಎಡಕ್ಕೇ ಎಳೆಯುತ್ತಿತ್ತು. ಹಂಪ್ ಬಂದರೆ ಮುಂದೆ ಕಿರಕಿರ ಸದ್ದು. ಹಾಕಿದ ಗ್ಯಾರೇಜಿನವರು ಫೋನೇ ಎತ್ತಲಿಲ್ಲ. ಬೆಳಗ್ಗೆ ಅಮ್ಮನನ್ನು ಹಾಸನಕ್ಕೆ ಕರೆದೊಯ್ಯಬೇಕಿತ್ತು.

ನೀವು ಆಗಲೇ ಷಟರ್ ಅರ್ಧ ಇಳಿಸಿದ್ದಿರಿ. ನನ್ನ ಮುಖ ನೋಡಿ ಮತ್ತೆ ಎತ್ತಿದಿರಿ. ಟಾರ್ಚ್ ಹಿಡಿದು ಕೆಳಗೆ ನುಗ್ಗಿ, 'ಚಕ್ರ ನೇತಾಡ್ತಿರೋವಾಗ್ಲೇ ಸಸ್ಪೆನ್ಷನ್ ಕೀಲಿನ ರಬ್ಬರ್ ಬುಷ್ ಬೋಲ್ಟ್ ಟೈಟ್ ಮಾಡಿದ್ದಾರೆ ಸಾರ್, ರಬ್ಬರ್ ತಿರುಚಿಕೊಂಡಿದೆ' ಅಂದಿರಿ. ಬೋಲ್ಟ್ ಸಡಿಲಿಸಿ, ಗಾಡಿ ಇಳಿಸಿ, ನನ್ನನ್ನೇ ಸೀಟಿನಲ್ಲಿ ಕೂರಿಸಿ, ಭಾರ ಬಿದ್ದ ಮೇಲೆ ಮತ್ತೆ ಬಿಗಿದಿರಿ. ಆಮೇಲೆ ಮುಂದಿನ ಚಕ್ರಗಳ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಮಾಡಿದಿರಿ. ಹಿಂದಿನ ಚಕ್ರಗಳ ಟೋಗೆ ಕಾಸು ಕೇಳಲಿಲ್ಲ. 'ಅದು ಎರಡೂ ಚಕ್ರಕ್ಕೆ ಒಂದೇ ಬೀಮು, ಅಡ್ಜಸ್ಟ್ ಆಗಲ್ಲ, ಸುಮ್ನೆ ಯಾಕೆ?' (ಹೀಗೆ ಹೇಳುವವರು ಕಮ್ಮಿ, ಅಲ್ವಾ?)

ಸೀಟಿಗೆ ಗ್ರೀಸ್ ತಾಗದಂತೆ ಪೇಪರ್ ಹಾಸಿ ಟ್ರಯಲ್ ನೋಡಿದಿರಿ. ಗಾಡಿ ನೇರ ಓಡಿತು, ನನಗೆ ಜೀವ ಬಂತು. ಥ್ಯಾಂಕ್ಸ್ ಅಣ್ಣ, ಟೈರ್ ಹಾಕಿಸಲು ನಿಮ್ಮಲ್ಲಿಗೇ ಬರುತ್ತೇನೆ.